ದೊಡ್ಡ ಕಂಪನಿ ಇಲ್ಲದೆ ನಮ್ಮ ಕಿವಿಗೆ ಬಂದ ಮೂರು ಆಲ್ಬಂ

(ತೆರೆ ಕಪ್ಪು. ಟೇಪ್ ಸುತ್ತುವ ಸದ್ದು.)

ನಮಸ್ಕಾರ. 2024ರ ಮಾರ್ಚ್‌ನಲ್ಲಿ ಒಂದು ಆಲ್ಬಂ ಬಂತು. ಸ್ಪಾಟಿಫೈನಲ್ಲಿ ಹುಡುಕಿದರೆ ಸಿಗ್ತಿರಲಿಲ್ಲ. ಯೂಟ್ಯೂಬ್‌ನಲ್ಲಿ ಎರಡು ಗಂಟೆಯ ಒಂದೇ ವಿಡಿಯೋ, ಹಳೇ ಕಾಲದ ವೆಬ್ ಪುಟದಲ್ಲೊಂದು ಡೌನ್‌ಲೋಡ್ ಲಿಂಕ್, ಅಷ್ಟೇ. ಹೆಸರು 'ಡೈಮಂಡ್ ಜುಬಿಲಿ', ಹಾಡಿದ್ದು ಸಿಂಡಿ ಲೀ. ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ಹಾಡೋದು ಈ ಹೆಸರಲ್ಲಿ. ಕೇಳಿದವರು ಒಬ್ಬರಿಗೊಬ್ಬರು ಹೇಳಿಕೊಂಡೇ ಅದು ಹಬ್ಬಿತು.

ಒಟ್ಟು 32 ಹಾಡು. ರಾತ್ರಿ ರೇಡಿಯೋ ಮುಳ್ಳು ತಿರುಗಿಸುವಾಗ ಯಾವುದೋ ದೂರದ ಸ್ಟೇಷನ್ ಸಿಕ್ಕಿ, ಮತ್ತೆ ಕೈತಪ್ಪಿ ಹೋಗುತ್ತಲ್ಲ, ಹಾಗಿದೆ ಇದರ ದನಿ. 1960ರ ದಶಕದ ಪಾಪ್ ರಾಗಗಳು, ಅವುಗಳ ಮೇಲೆ ಗರಗರ ಅನ್ನೋ ಗಿಟಾರ್. ಒಂದೇ ಸಲ ಪೂರ್ತಿ ಕೇಳಬೇಕಿಲ್ಲ. ಹೆಡ್‌ಫೋನ್ ಹಾಕಿ ಅರ್ಧ ಗಂಟೆ ಕೊಡಿ. ನನಗೆ ಇದು ಹಿಡಿಸಿದ್ದು ಎರಡನೇ ಸಲಕ್ಕೆ.

(ಮರಳುಗಾಡಿನ ದೃಶ್ಯ. ವೇಗದ ಗಿಟಾರ್.)

ಇನ್ನೊಬ್ಬರು ನೈಜರ್ ದೇಶದ, ಸಹಾರಾದ ತುವಾರೆಗ್ ಜನಾಂಗದ ಗಿಟಾರ್ ವಾದಕ ಎಮ್ಡೂ ಮೊಕ್ತಾರ್. ಇವರ ಮೊದಲ ಗಿಟಾರ್ ಇವರೇ ಮಾಡಿಕೊಂಡಿದ್ದು, ತಂತಿಯ ಜಾಗದಲ್ಲಿ ಸೈಕಲ್ ಕೇಬಲ್! ಇವರ ಆರಂಭದ ಹಾಡುಗಳು ಸಹಾರಾದ ಊರುಗಳಲ್ಲಿ ಹರಡಿದ್ದು ಮೊಬೈಲ್ ಮೆಮೊರಿ ಕಾರ್ಡ್‌ಗಳ ಮೂಲಕ. ಒಬ್ಬರ ಫೋನಿಂದ ಇನ್ನೊಬ್ಬರ ಫೋನಿಗೆ. 2024ರ 'ಫ್ಯೂನರಲ್ ಫಾರ್ ಜಸ್ಟಿಸ್' ಸಿಟ್ಟಿನ ಆಲ್ಬಂ. ಭಾಷೆ ಅರ್ಥವಾಗದಿದ್ದರೂ ಆ ಸಿಟ್ಟು ನೇರ ತಟ್ಟುತ್ತೆ. ಇದನ್ನ ಮಾತ್ರ ವಾಲ್ಯೂಮ್ ಏರಿಸಿಯೇ ಕೇಳಿ.

ಗದ್ದಲ ಬೇಡ ಅನ್ನೋರಿಗೆ ಅಮೆರಿಕದ ಗಾಯಕಿ ಏಡ್ರಿಯನ್ ಲೆಂಕರ್ ಅವರ 'ಬ್ರೈಟ್ ಫ್ಯೂಚರ್'. ಇದೂ 2024ರದ್ದೇ, ಟೇಪ್ ಮೇಲೆ ರೆಕಾರ್ಡ್ ಮಾಡಿದ್ದು. ಉಸಿರೂ ಕೇಳಿಸುತ್ತೆ.

(ನಿರೂಪಕರು ಕ್ಯಾಮೆರಾ ಎದುರು.)

ಈ ಮೂರನ್ನೂ ಇಂಡೀ ಸಂಗೀತ ಅಂತಾರೆ. ಇಂಡೀ ಅಂದರೆ ಒಂದು ಬಗೆಯ ಗಿಟಾರ್ ಸಂಗೀತ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೂಲದಲ್ಲಿ ಅದು ಇಂಡಿಪೆಂಡೆಂಟ್: ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಹಾಡು ಹೊರತರೋದು. ಹಣದ ದಾರಿಯೂ ಬೇರೆಯಾಗಲೇಬೇಕು. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದಿದ್ದರೆ ಆ ಹಾಡಿಗೆ ರಾಯಲ್ಟಿ ಇಲ್ಲ. ಆಗಷ್ಟೇ ಶುರು ಮಾಡಿರೋ ಹಾಡುಗಾರರಿಗೆ ಇದು ದೊಡ್ಡ ಪೆಟ್ಟು ಅನ್ನೋದು ನನ್ನ ಅಭಿಪ್ರಾಯ. ಕಲಾವಿದರು ಕೇಳುಗರಿಗೆ ನೇರವಾಗಿ ಹಾಡು ಮಾರುವ ವೆಬ್ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಗಲ್ಲ, ನೀವು ಒಂದು ಆಲ್ಬಂ ಕೊಂಡರೆ ಹಣದ ಬಹುಪಾಲು ಕಲಾವಿದರಿಗೇ ಹೋಗುತ್ತೆ. 2020ರಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಂದು ಆ ಸಂಸ್ಥೆ ತನ್ನ ಪಾಲನ್ನೂ ಬಿಟ್ಟುಕೊಡುತ್ತೆ.

ಇವತ್ತು ಒಂದನ್ನೇ ಕೇಳೋಕೆ ಸಮಯ ಇದ್ದರೆ ಎಮ್ಡೂ ಮೊಕ್ತಾರ್ ಕೇಳಿ. ಸಿಂಡಿ ಲೀಗೆ ಒಂದು ರಾತ್ರಿ ಬಿಡುವು ಮಾಡಿಕೊಳ್ಳಿ.