ಮಳೆಗಾಲ ಬಿಟ್ಟು ಆವೆಮಣ್ಣಿನ ಲೆಕ್ಕ ಹಾಕಬೇಡಿ

ನಮಸ್ಕಾರ. ಕಳೆದ ಕಂತಿನಲ್ಲಿ ನಮ್ಮ ನೆರೆಯ ಗ್ರಾಮದ ಬೈಲಿನಲ್ಲಿ ಆವೆಮಣ್ಣು, ಅಂದರೆ ಹಂಚು ಮಡಕೆಗೆ ಬಳಸುವ ಜೇಡಿಮಣ್ಣು, ತೆಗೆಯುವ ಪ್ರಸ್ತಾವದ ಬಗ್ಗೆ ಎರಡು ಮಾತು ಹೇಳಿದ್ದೆ. ಅದಕ್ಕೆ ವೀಕ್ಷಕರೊಬ್ಬರು ಬರೆದ ಪ್ರತಿಕ್ರಿಯೆ ವಾರವಿಡೀ ನನ್ನ ತಲೆಯಲ್ಲಿ ಕೊರೆಯುತ್ತಿದೆ. "ಇದೇನು ಬಳ್ಳಾರಿಯ ಅದಿರೇ ಸ್ವಾಮಿ? ಬರೀ ಮಣ್ಣು. ತೆಗೆದರೆ ಊರಿಗೇನು ಹೋಗುತ್ತದೆ?" ಎಂದು ಅವರು ಕೇಳಿದ್ದಾರೆ. ನೀರು ಹೋಗುತ್ತದೆ. ಎಷ್ಟು ಹೋಗುತ್ತದೆ ಎಂಬುದನ್ನು ಮಳೆಗಾಲದಲ್ಲಿ ಅಲ್ಲಿ ನಿಂತು ಅಳೆಯದ ಹೊರತು ಯಾರೂ ಹೇಳಲಾರರು. ಇಂದಿನ ಕಂತಿನಲ್ಲಿ ನಾನು ಹೇಳಬೇಕಾಗಿರುವುದು ಇದೊಂದೇ.

ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿಮಣ್ಣು ಎಂಬ ಮೆದು ಜೇಡಿ. ಮುರಕಲ್ಲು ಮಳೆನೀರನ್ನು ಜರಡಿಯಂತೆ ಕೆಳಗಿಳಿಸುತ್ತದೆ, ಶೇಡಿ ಅದನ್ನು ತಡೆದು ಹಿಡಿಯುತ್ತದೆ, ಹೀಗೆ ಎರಡರ ನಡುವೆ ಸಾಗಿ ಬಂದ ನೀರೇ ಗುಡ್ಡದ ಬುಡದಲ್ಲಿ ಒರತೆಯಾಗಿ ಜಿನುಗಿ ನಮ್ಮ ಬಾವಿಗಳನ್ನು ತುಂಬಿಸುತ್ತದೆ. ಬೈಲಿನ ಗದ್ದೆಗಳಲ್ಲಿ ಉಳುವ ಮಣ್ಣಿನ ಕೆಳಗಿರುವ ಆವೆಮಣ್ಣಿನ ಪದರವೂ ಇದೇ ಕೆಲಸ ಮಾಡುತ್ತದೆ. ಮಳೆಗಾಲದ ಏಣಿಲು ಬೆಳೆ ಕೊಯ್ದ ಮೇಲೆ ಎರಡನೆಯ ಬೆಳೆ ಸುಗ್ಗಿ, ಸುಗ್ಗಿಯ ಮೇಲೆ ಮೂರನೆಯ ಬೆಳೆ ಕೊಳಕೆ ಬೆಳೆಯುವಷ್ಟು ತೇವ ಉಳಿಯುವುದು ಆ ಪದರದ ದೆಸೆಯಿಂದ. ಒಂದು ಹಿಡಿ ಆವೆಮಣ್ಣನ್ನು ಚೆನ್ನಾಗಿ ನಾದಿ, ಬಟ್ಟಲಿನಂತೆ ತಟ್ಟಿ, ನೀರು ಹೊಯ್ದು ಜಗಲಿಯ ಮೇಲಿಡಿ. ಬೆಳಿಗ್ಗೆ ಹೊಯ್ದ ನೀರು ಸಂಜೆಗೂ ನಿಂತಿರುತ್ತದೆ. ಆಮೇಲೆ ಅದರ ತಳಕ್ಕೆ ಬೆರಳು ತೂರಿಸಿ ನೋಡಿ. ಬೈಲಿನ ನಡುವೆ ಗಣಿ ತೋಡುವುದೆಂದರೆ ಅದೇ. ಸುತ್ತಲಿನ ಗದ್ದೆಗಳ ನೀರು ಆ ಗುಂಡಿಗೆ ಬಸಿಯುತ್ತದೆ, ಗುಂಡಿಯಲ್ಲಿ ಕೆಲಸ ನಡೆಯಬೇಕಾದರೆ ಅದನ್ನು ಪಂಪಿನಿಂದ ಎತ್ತಿ ಹೊರಗೆ ಹಾಕಬೇಕಾಗುತ್ತದೆ, ಬಾವಿಯ ಹಗ್ಗಕ್ಕೆ ಮಾರುಗಟ್ಟಲೆ ಹಗ್ಗ ಸೇರಿಸುವ ಪಾಡು ಪಕ್ಕದ ಮನೆಯವರದಾಗುತ್ತದೆ.

ಇನ್ನು ವರದಿಗೆ ಬರೋಣ. ಗಣಿಯಿಂದ ಪರಿಸರದ ಮೇಲಾಗುವ ಪರಿಣಾಮದ ಬಗ್ಗೆ ಪ್ರಸ್ತಾವದ ಜೊತೆಗಿರುವ ಸಂಕ್ಷಿಪ್ತ ವರದಿಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಗಾಳಿಯ ಧೂಳು, ಶಬ್ದ, ಬಾವಿಯ ನೀರಿನ ಗುಣಮಟ್ಟ ಎಲ್ಲವನ್ನೂ ಅಳೆದಿದ್ದಾರೆ. ಅಳೆದದ್ದು ಮಾರ್ಚ್‌ನಿಂದ ಮೇವರೆಗೆ. ಇದು ನಿಯಮದ ಉಲ್ಲಂಘನೆಯಲ್ಲ, ಏಕೆಂದರೆ ಗಣಿ ಯೋಜನೆಗಳಿಗೆ ಕೇಂದ್ರ ಪರಿಸರ ಸಚಿವಾಲಯ ಕೊಡುವ ಅಧ್ಯಯನದ ಮಾದರಿ ಷರತ್ತುಗಳೇ ಮಳೆಗಾಲ ಬಿಟ್ಟು ಉಳಿದ ಒಂದು ಋತುವಿನ ಮಾಹಿತಿ ಸಾಕು ಎನ್ನುತ್ತವೆ. ಒಣ ಸೀಮೆಯ ಕಲ್ಲುಕೋರೆಗೆ ಅದು ಸಾಲುತ್ತದೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ನಾಡಿನಲ್ಲಿ, ನೀರು ಹಿಡಿಯುವ ಮಣ್ಣನ್ನೇ ತೆಗೆಯುವ ಯೋಜನೆಗೆ ಅದು ಹೇಗೆ ಸಾಲುತ್ತದೆ? ತೋಡು (ಬೈಲಿನ ಸಣ್ಣ ಹಳ್ಳ) ಬತ್ತಿದ ಮೇಲೆ ಬಂದು ತೋಡಿಗೆ ತೊಂದರೆಯಿಲ್ಲ ಎಂದು ಬರೆಯುವುದನ್ನು ಅಧ್ಯಯನ ಎಂದು ನಾನು ಒಪ್ಪಲಾರೆ.

"ಕೆಸರು ನೀರು ಹೊರಗೆ ಹೋಗದಂತೆ ತಿಳಿಗೊಳ ಕಟ್ಟುತ್ತೇವೆ" ಎಂಬ ಸಾಲೂ ವರದಿಯಲ್ಲಿದೆ. ಕೆಸರು ತಳಕ್ಕಿಳಿದು ನೀರು ತಿಳಿಯಾಗಲೆಂದು ಬಿಡುವ ಹೊಂಡವದು. ಜೇಡಿಯ ಕಣವೆಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಚಿಕ್ಕದು. ಅಲುಗದೆ ನಿಂತ ನೀರಿನಲ್ಲಿಯೂ ಅಂಥ ಕಣ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಯಾವ ಕೊಳದ ನೀರು ಎಂಟು ಗಂಟೆ ಅಲುಗದೆ ನಿಲ್ಲುತ್ತದೆ? ಅದು ತುಂಬಿ ತೋಡಿಗೆ ಹರಿಯುತ್ತದೆ, ತೋಡಿನಿಂದ ನಾಟಿ ಮಾಡಿದ ಗದ್ದೆಗೆ. ಇದನ್ನೂ ಮಳೆಗಾಲದಲ್ಲಿಯೇ ನೋಡಬೇಕು.

"ಮಂಗಳೂರು ಹಂಚಿಗೆ 1860ರ ದಶಕದಿಂದಲೂ ಮಣ್ಣು ತೆಗೆದಿಲ್ಲವೇ?" ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. ತೆಗೆದಿದ್ದಾರೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಹಂಚಿನ ಕಾರ್ಖಾನೆ ತೆರೆದ ಕಾಲದಲ್ಲಿ ಹೊಳೆದಡದ ಮಣ್ಣನ್ನು ಹಾರೆಯಿಂದ ಅಗೆದು, ಬುಟ್ಟಿಯಲ್ಲಿ ಹೊತ್ತು, ದೋಣಿಯಲ್ಲಿ ಸಾಗಿಸುತ್ತಿದ್ದರು. ಇಂದಿನ ಲೆಕ್ಕ ಬೇರೆ. ಎಂಟು ಹೆಕ್ಟೇರ್ ಜಾಗವನ್ನು ಆರು ಮೀಟರ್ ಆಳಕ್ಕೆ ತೋಡಿದರೆ 4,80,000 ಘನ ಮೀಟರ್ ಮಣ್ಣು ಬರುತ್ತದೆ. ಟಿಪ್ಪರಿಗೆ ಹತ್ತು ಘನ ಮೀಟರಿನಂತೆ 48,000 ಲೋಡು. ಐದು ವರ್ಷ, ವರ್ಷಕ್ಕೆ 300 ದಿನ ಎಂದರೂ ದಿನಕ್ಕೆ 32 ಲೋಡು, ಹೋಗಿ ಬರುವಾಗ ಶಾಲೆಯ ಮುಂದಿನ ಆ ಕಿರಿದಾದ ರಸ್ತೆಯಲ್ಲಿ 64 ಬಾರಿ ಟಿಪ್ಪರ್. ಹಾರೆಯ ಕಾಲದ ಮಾತನ್ನು ತಂದು ಇದಕ್ಕೆ ಸಮರ್ಥನೆ ಮಾಡುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಗುಂಡಿ ಮುಂದೆ ಕೆರೆಯಾಗುತ್ತದೆ ಎನ್ನುವವರೂ ಇದ್ದಾರೆ. ತಳದ ಜೇಡಿಯನ್ನೇ ಬಗೆದ ಗುಂಡಿಯಲ್ಲಿ ಬೇಸಿಗೆಗೆ ನೀರು ನಿಲ್ಲುತ್ತದೆಂದು ಅಳೆದವರು ಯಾರು? ರಸ್ತೆಗಾಗಿ ಗುಡ್ಡ ಕಡಿದಲ್ಲೆಲ್ಲ, ಬೇಸಿಗೆಯಲ್ಲಿ ಗೋಡೆಯಂತೆ ಗಟ್ಟಿಯಾಗಿ ನಿಂತ ಶೇಡಿ ಮಳೆ ಹಿಡಿದೊಡನೆ ಪಾಯಸದಂತೆ ಜಾರುವುದನ್ನು ನಾವೆಲ್ಲ ಕಂಡಿದ್ದೇವೆ. ಆರು ಮೀಟರ್ ಆಳದ ಗುಂಡಿಯ ಅಂಚಿನಲ್ಲಿ ದನ ಮೇಯಿಸುವ ಹುಡುಗನ ಗತಿಯೇನು? ಕೆಲಸ ಸಿಗುತ್ತದೆ ಎಂಬ ಮಾತೂ ಇದೆ. ಒಂದು ಹಿಟಾಚಿ, ನಾಲ್ಕು ಟಿಪ್ಪರ್ ಓಡಿಸಲು ಎಷ್ಟು ಜನ ಬೇಕು? ಮೂರು ಬೆಳೆಯ ಬೈಲು ಎಷ್ಟು ಮನೆಗಳಿಗೆ ಅನ್ನ ಕೊಡುತ್ತಿದೆ?

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳೆಂದು (ರಾಜ್ಯಗಳೇ ನಿಯಮ ಮಾಡುವ ಖನಿಜಗಳೆಂದು) ಘೋಷಿಸಿದಾಗ ಜೇಡಿಮಣ್ಣಿನ ಹಲವು ಬಗೆಗಳೂ ಆ ಪಟ್ಟಿಗೆ ಸೇರಿದವು. ಖನಿಜ ಉಪವಾದ ಮಾತ್ರಕ್ಕೆ ಅದರಿಂದಾಗುವ ಹಾನಿ ಉಪವಾಗುವುದಿಲ್ಲ. ಕೇರಳದ ಕಣ್ಣೂರು ಜಿಲ್ಲೆಯ ಮಾಡಾಯಿಪಾರದಲ್ಲಿ ಜನ ಜೇಡಿಮಣ್ಣಿನ ಗಣಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದಾಗಲೂ ಅವರ ದೊಡ್ಡ ಚಿಂತೆಗಳಲ್ಲಿ ನೀರೂ ಒಂದಾಗಿತ್ತು.

ಇಂಥ ಗಣಿಗೆ ಅನುಮತಿ ಕೊಡುವ ಮೊದಲು ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕೆಂದು ಪರಿಸರ ಪರಿಣಾಮದ ಅಧ್ಯಯನ ಕುರಿತ 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಇಂತಿಷ್ಟು ಜನ ಸೇರಲೇಬೇಕೆಂಬ ಕೋರಂ ಆ ಸಭೆಗಿಲ್ಲ. ನೀವು ಬಾರದಿದ್ದರೂ ಸಭೆ ನಡೆಯುತ್ತದೆ, ನಿಮ್ಮ ಆಕ್ಷೇಪ ಮಾತ್ರ ದಾಖಲಾಗುವುದಿಲ್ಲ. ಆದ್ದರಿಂದ ಬನ್ನಿ, ಬರಲಾಗದಿದ್ದರೆ ಬರೆದು ಕಳುಹಿಸಿ. ಮಳೆಗಾಲದ ಅಳತೆ ಎಲ್ಲಿದೆ ಎಂಬ ಒಂದೇ ಪ್ರಶ್ನೆ ಸಾಕು. ಈ ವಾಹಿನಿಗೆ ಚಂದಾದಾರರಾದವರಿಗೆ ಅರ್ಜಿಯ ಕನ್ನಡ ಮಾದರಿಯನ್ನು ಮುಂದಿನ ಕಂತಿನೊಂದಿಗೆ ಕೊಡುತ್ತೇನೆ. ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ, ಬೈಲಿನ ಮನೆಗಳಿಗೂ ಇದನ್ನು ಹಂಚಿ.

ಅದಕ್ಕೂ ಮೊದಲು ನಿಮ್ಮ ಬಾವಿಯ ಹಗ್ಗಕ್ಕೆ ಇಂದೇ ಒಂದು ಗಂಟು ಹಾಕಿ, ನೀರು ಮುಟ್ಟುವ ಜಾಗದಲ್ಲಿ. ಮಳೆ ಶುರುವಾದ ಮೇಲೆ ವಾರಕ್ಕೊಂದು ಗಂಟು ಹಾಕುತ್ತ ಹೋಗಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ವರದಿಯಲ್ಲಿಲ್ಲದ ಆ ನಾಲ್ಕು ತಿಂಗಳ ಲೆಕ್ಕವನ್ನು ಜಿಲ್ಲಾಧಿಕಾರಿಗಳ ಮುಂದೆ ನಾವೇ ಇಡೋಣ.