ಚಿತ್ರಕೃಪೆ: ಅಂತರ್ಜಾಲ?

ಕೇಳುಗರಿಗೆ ನಮಸ್ಕಾರ.

ಯಾವುದಾದರೂ ಸಂಘದ ಸ್ಮರಣ ಸಂಚಿಕೆ ತೆರೆಯಿರಿ. ಹಂಪಿಯ ಫೋಟೊ ಕೆಳಗೆ ಸಣ್ಣಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದಿರುತ್ತದೆ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ. ಯಾರೋ ಒಬ್ಬರು ಕತ್ತಲಿರುವಾಗಲೇ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯಕ್ಕೆ ಕಾದಿರುತ್ತಾರೆ. ಕೃಪೆ ಅವರದು.

ಹೆಸರು ಹಾಕಿ ಬಳಸಿಕೊಳ್ಳಿ ಎಂದು ಮೊದಲೇ ಅನುಮತಿ ಕೊಟ್ಟ ಚಿತ್ರಗಳು ಬೇಕಾದಷ್ಟಿವೆ. 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್, ಚುಟುಕಾಗಿ ಸಿಸಿ, ಪರವಾನಗಿಗಳು ಇದಕ್ಕೆಂದೇ ಹುಟ್ಟಿದವು. ಹುಡುಕಲು ಇಂಥ ಚಿತ್ರಗಳ ಜಾಲತಾಣವಾದ ವಿಕಿಮೀಡಿಯ ಕಾಮನ್ಸ್ ಒಳ್ಳೆಯ ಜಾಗ. ಬೇರೆ ಕಡೆ ಹುಡುಕಿದರೆ, ಹುಡುಕಾಟದ ಫಲಿತಾಂಶವನ್ನೇ ನಂಬದೆ ಮೂಲ ಪುಟಕ್ಕೆ ಹೋಗಿ ಪರವಾನಗಿ ಓದಿ. ಇನ್ನೊಬ್ಬರ ಫೋಟೊವನ್ನು ತನ್ನದೆಂದು ಹಾಕಿದವರೂ ಇರುತ್ತಾರೆ.

ಪರವಾನಗಿಯ ಹೆಸರಿನಲ್ಲಿ ಕಾಣುವ ಅಕ್ಷರಗಳನ್ನು ಗಮನಿಸಿ. ಬಿವೈ ಎಂದರೆ ಹೆಸರು ಹಾಕಿ. ಎಸ್‌ಎ ಎಂದರೆ, ಮಾರ್ಪಡಿಸಿ ಹಂಚುವುದಾದರೆ ನಿಮ್ಮದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಿ. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಸಲ್ಲದು. ಜಾಹೀರಾತು ಹಣದಲ್ಲಿ ಅಚ್ಚಾಗುವ ಸಂಚಿಕೆಗೆ ಅದನ್ನು ಮುಟ್ಟದಿರುವುದೇ ಮೇಲು. ಎನ್‌ಡಿ ಇದ್ದರೆ ಮಾರ್ಪಡಿಸಿ ಹಂಚುವಂತಿಲ್ಲ. ಎನ್‌ಡಿ ಸಂಗೀತವನ್ನು ವಿಡಿಯೊ ದೃಶ್ಯಕ್ಕೆ ಹೊಂದಿಸಿ ಕೂರಿಸಿದರೂ ಅದು ಮಾರ್ಪಾಡೇ. ಇಲ್ಲಿ ಬಹಳ ಜನ ಎಡವುತ್ತಾರೆ.

ಇನ್ನು ಕೃಪೆಯ ಸಾಲು. ಚಿತ್ರದ ಹೆಸರು, ತೆಗೆದವರು, ಸಿಕ್ಕ ಜಾಗ, ಪರವಾನಗಿ, ಚಿತ್ರ ಬದಲಿಸಿದ್ದರೆ ಆ ಮಾತು, ಇಷ್ಟೂ ಇರಲಿ: ‘ವಿರೂಪಾಕ್ಷ ಗೋಪುರ, ಫೋಟೊ ಇಂಥವರದು, ವಿಕಿಮೀಡಿಯ ಕಾಮನ್ಸ್, ಸಿಸಿ ಬಿವೈ-ಎಸ್‌ಎ 4.0, ಅಂಚು ಕತ್ತರಿಸಿದೆ.’ ತೆಗೆದವರು ಬೇರೆ, ಅಪ್‌ಲೋಡ್ ಮಾಡಿದವರು ಬೇರೆ ಇರಬಹುದು. ಕರ್ತೃ ಎಂದಿರುವಲ್ಲಿನ ಹೆಸರನ್ನೇ, ಅದು ಅಡ್ಡಹೆಸರಾದರೂ, ಇದ್ದಂತೆ ಬರೆಯಿರಿ. ಅಚ್ಚಿನಲ್ಲಿ ಕೊಂಡಿ ಒತ್ತಲಾಗದು, ಹಾಗಾಗಿ ಚಿತ್ರದ ಪುಟ ಮತ್ತು ಪರವಾನಗಿಯ ವಿಳಾಸಗಳನ್ನು ಪೂರ್ತಿ ಮುದ್ರಿಸಿ. ಬಾನುಲಿಯಲ್ಲಾದರೆ ಬಾಯಲ್ಲೇ ಹೇಳಬೇಕು.

ಹೆಸರು ಕಳೆದುಹೋಗುವುದು ಸಾಮಾನ್ಯವಾಗಿ ದಾರಿಯಲ್ಲಿ. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಡಿಟಿಪಿಯವರಿಗೆ ಕಳಿಸುತ್ತೀರಿ. ಅಲ್ಲಿ ಇಳಿಯುವಾಗ ಕಡತದ ಹೆಸರು ಹೋಗಿ ಬರೀ ದಿನಾಂಕ, ಒಂದು ಸಂಖ್ಯೆ ಉಳಿಯುತ್ತದೆ. ತೆಗೆದವರು ಯಾರೆಂದು ಪ್ರೂಫ್ ನೋಡುವ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ, ‘ಅಂತರ್ಜಾಲ’ ಅಚ್ಚಾಗುತ್ತದೆ. ಇಳಿಸಿಕೊಂಡ ಕ್ಷಣವೇ ಕೃಪೆಯ ಸಾಲು ಬರೆದು, ಫೋಟೊ ಜೊತೆಗೆ ಅದನ್ನೂ ಕಳಿಸಿ.

ಕೃಪೆಯ ಸಾಲು ತಪ್ಪಾಗಿದ್ದರೆ? ಪರವಾನಗಿಯ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ, ತಪ್ಪಿನಿಂದ ಹೋಗಿದ್ದ ಬಳಸುವ ಹಕ್ಕು ತಾನಾಗಿ ಮರಳುತ್ತದೆ. 3.0 ಮತ್ತು ಅದಕ್ಕೂ ಹಿಂದಿನವುಗಳಲ್ಲಿ ಈ ಸೌಲಭ್ಯವಿಲ್ಲ, ಹಕ್ಕುದಾರರನ್ನೇ ಕೇಳಬೇಕು. ಆವೃತ್ತಿಯ ಸಂಖ್ಯೆಯನ್ನು ಬಿಡದೆ ಬರೆದುಕೊಳ್ಳಿ ಎನ್ನುವುದು ಇದಕ್ಕೇ.