ಸೋದರಳಿಯನ ಆಸ್ತಿ, ಮಾವನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಕ್ಕ, ಭಾವ ಇಬ್ಬರೂ ತೀರಿಕೊಂಡ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಸೋದರಮಾವನ ಮನೆ ಸೇರಿದ್ದಾನೆ ಎಂದುಕೊಳ್ಳಿ. ಅವನ ಹೆಸರಿನಲ್ಲಿ ಬಾಡಿಗೆ ಬರುವ ಒಂದು ಮನೆ ಇದೆ, ಬ್ಯಾಂಕಿನಲ್ಲಿ ಠೇವಣಿ ಇದೆ. ನ್ಯಾಯಾಲಯ ಮಾವನನ್ನೇ ಆಸ್ತಿಯ ಪಾಲಕನನ್ನಾಗಿ ನೇಮಿಸಿದೆ. ಬಾಡಿಗೆಯ ಹಣದಲ್ಲಿ ಅವರು ಶಾಲೆಯ ಶುಲ್ಕ ಕಟ್ಟಬಹುದೆ? ಠೇವಣಿ ಮುರಿಸಬಹುದೆ?

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 34ನೇ ಕಲಮಿನಲ್ಲಿ ಉತ್ತರವಿದೆ. ಹುಡುಗನ ಜೀವನಾಂಶ, ಓದು, ಏಳಿಗೆಗಾಗಿ ಆಸ್ತಿಯ ಆದಾಯದಲ್ಲಿ ನ್ಯಾಯಾಲಯ ಹೇಳಿದಷ್ಟನ್ನು ಖರ್ಚು ಮಾಡಬೇಕು. ಅವನನ್ನೇ ನೆಚ್ಚಿಕೊಂಡ ತಂಗಿಯಿದ್ದರೆ ಅವಳಿಗೂ ಅದರಲ್ಲಿ ಪಾಲುಂಟು. ಉಪನಯನ, ಮದುವೆಯಂಥ ಕಾರ್ಯಗಳನ್ನೂ ಕಾಯ್ದೆ ಮರೆತಿಲ್ಲ. ಅಸಲನ್ನು ಮುಟ್ಟಬೇಕಾದರೆ ಮಾತ್ರ ನ್ಯಾಯಾಲಯ ಹಾಗೆಂದೇ ಆದೇಶಿಸಿರಬೇಕು. ಮನೆಯನ್ನು ಮಾರಲು, ಅಡವಿಡಲು, ಐದು ವರ್ಷಕ್ಕೂ ಹೆಚ್ಚು ಅವಧಿಗೆ ಗುತ್ತಿಗೆ ಕೊಡಲು ಮೊದಲೇ ಅನುಮತಿ ಪಡೆಯಬೇಕು. ಅಗತ್ಯವೋ, ಹುಡುಗನಿಗೆ ಎದ್ದು ಕಾಣುವ ಲಾಭವೋ ಇದ್ದರಷ್ಟೇ ಅದು ಸಿಗುತ್ತದೆ.

ಪಾಲಕ ಆಸ್ತಿಯನ್ನು ತನ್ನದೆಂಬಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು ಎನ್ನುತ್ತದೆ 27ನೇ ಕಲಮು. ಈ ಮಾತಿನಲ್ಲಿ ‘ತನ್ನದು’ ಎಂಬುದಷ್ಟೇ ಕೆಲವರ ಕಿವಿಗೆ ಬೀಳುತ್ತದೆ!

ತೊಡಕು ಬರುವುದು ದಿನನಿತ್ಯದ ಖರ್ಚಿನಲ್ಲಿ. ಹುಡುಗನ ಪಠ್ಯಪುಸ್ತಕ, ಕನ್ನಡಕ, ವೈದ್ಯರ ಶುಲ್ಕದ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಇಡೀ ಮನೆಯವರು ಕುಳಿತು ನೋಡುವ ದೊಡ್ಡ ಟಿವಿಯನ್ನು ‘ಶೈಕ್ಷಣಿಕ ವೆಚ್ಚ’ ಎಂದು ಬರೆದರೆ? ನಾನಂತೂ ಒಪ್ಪುವುದಿಲ್ಲ. ಐದು ಜನರ ಅಡುಗೆ ಒಂದೇ ಒಲೆಯ ಮೇಲೆ ಆಗುವಾಗ ದಿನಸಿಯಲ್ಲಿ ಅವನ ಪಾಲೆಷ್ಟು ಎಂದು ಕಾಳು ಎಣಿಸಲಾಗದು, ನಿಜ. ಅದಕ್ಕೇ ತಿಂಗಳಿಗೆ ಇಂತಿಷ್ಟು ಎಂದು ನ್ಯಾಯಾಲಯದಿಂದಲೇ ಗೊತ್ತುಮಾಡಿಸಿಕೊಳ್ಳುವುದು ಮಾವನಿಗೂ ಕ್ಷೇಮ.

ಪಾಲಕರು ಹೆತ್ತವರೇ ಆದರೆ? ಮಕ್ಕಳನ್ನು ಸಾಕುವುದು ಹಿಂದೂ ತಂದೆತಾಯಿಯ ಹೊಣೆ ಎಂದು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯೇ ಹೇಳುತ್ತದೆ. ಅಜ್ಜ ಮೊಮ್ಮಗಳ ಹೆಸರಿಗೆ ಬರೆದ ಸೈಟು ಮಾರಲು ಅಪ್ಪನಿಗೂ ನ್ಯಾಯಾಲಯದ ಅನುಮತಿ ಬೇಕು. ಇಲ್ಲದಿದ್ದರೆ ಮಗಳು ಆ ಮಾರಾಟವನ್ನು ಪ್ರಶ್ನಿಸಿ ರದ್ದುಪಡಿಸಿಕೊಳ್ಳಬಹುದು. 18 ತುಂಬಿದ ಮೇಲೂ ಅದಕ್ಕೆ ಮೂರು ವರ್ಷ ಕಾಲಾವಕಾಶವಿದೆ.

ಸೋದರಮಾವನ ವಿಷಯಕ್ಕೆ ಮರಳೋಣ. ಹುಡುಗನಿಗೂ 18 ತುಂಬುತ್ತದೆ. ಆಸ್ತಿಯನ್ನೂ ಲೆಕ್ಕವನ್ನೂ ಒಪ್ಪಿಸುವಂತೆ ನ್ಯಾಯಾಲಯ ಹೇಳಬಹುದು. ಆಗ ಪುಸ್ತಕ ಬಿಚ್ಚಿದರೆ ಒಂದು ಪುಟದಲ್ಲಿ ಶುಲ್ಕದ ರಸೀದಿ, ತಾರೀಖಿನ ಸಮೇತ ಅಂಟಿಸಿದ್ದು. ಮುಂದಿನ ಪುಟದಲ್ಲಿ ಬರೀ ‘ಇತರೆ ಖರ್ಚು’, ಎದುರಿಗೆ ದುಂಡನೆಯ ಮೊತ್ತ. ಹುಡುಗನ ಬೆರಳು ನಿಲ್ಲುವುದು ಅಲ್ಲೇ.